ಮೂರು ಭಾನುವಾರದ ಹೊಗೆ

ಹಿತ್ತಿಲ ಮೆಟ್ಟಿಲ ಮೇಲಿನಿಂದ,
ಭಾನುವಾರ, ಸೆಪ್ಟೆಂಬರ್ ೧೪, ಸಂಜೆ ಐದೂವರೆ

ಪ್ರೀತಿಯ ಎಂಜಿನ್ ರೂಮಿನ ಯಜಮಾನರಿಗೆ,

ಹೇಗಿದ್ದೀರಿ? ಬಲಗೈ ಮಣಿಕಟ್ಟಿನ ನೋವು ಕಡಿಮೆಯಾಯಿತೇ? ಹೋದ ಸಲ ಫೋನಿನಲ್ಲಿ ಕೇಳಿದ್ದಕ್ಕೆ ‘ಹೂಂ’ ಎಂದಿರಿ. ಆ ‘ಹೂಂ’ ವಾಸಿಯಾಗಿದೆ ಎಂಬುದಕ್ಕೋ, ಇನ್ನೂ ಇದೆ ಎಂಬುದಕ್ಕೋ ಎಂದು ಕೇಳುವಷ್ಟರಲ್ಲಿ ಲೈನ್ ಕಟ್ಟಾಯಿತು. ದೊಡ್ಡ ಬೋಲ್ಟುಗಳನ್ನು ಬಿಚ್ಚುವಾಗ ದಯವಿಟ್ಟು ಪಟ್ಟಿ ಕಟ್ಟಿಕೊಳ್ಳಿ, ಜೊತೆಯವರ ಮುಂದೆ ಗಂಡಸ್ತನ ತೋರಿಸಲು ಹೋಗಬೇಡಿ. ನಾನು ಚೆನ್ನಾಗಿದ್ದೇನೆ. ನನ್ನ ಎಡಗಡೆಯ ಹುಬ್ಬು ಅರ್ಧ ಇಲ್ಲ, ಅಷ್ಟು ಬಿಟ್ಟರೆ ಕ್ಷೇಮ. ಗಾಬರಿಯಾಗಬೇಡಿ, ಅದು ಹೇಗೆ ಹೋಯಿತು ಎಂದು ಮುಂದೆ ಬರೆಯುತ್ತೇನೆ. ನಿಮ್ಮ ಹಡಗಿಗೆ ಹೊಸದಾಗಿ ಸೇರುವ ಅಡುಗೆಯವರು ನಿನ್ನೆ ಫೋನ್ ಮಾಡಿ, ‘ಬುಧವಾರ ಹಡಗು ಹತ್ತುತೀನಿ, ಮನೆಯಿಂದ ಏನಾದ್ರೂ ಕೊಡೋದಿದ್ಯಾ ಅಮ್ಮ?’ ಎಂದರು. ನಾಳೆ ಬೆಳಿಗ್ಗೆ ಏಳಕ್ಕೆ ಬಂದು ಈ ಕವರ್ ತೆಗೆದುಕೊಂಡು ಹೋಗುತ್ತಾರೆ. ಫೋನಿನಲ್ಲೇ ಹೇಳಬಾರದಿತ್ತೇ ಎನ್ನುತ್ತೀರಿ. ಹೇಗೆ ಹೇಳಲಿ? ನಿಮ್ಮ ತಾಯಿ ಪಕ್ಕದಲ್ಲೇ ಕೂತಿರುತ್ತಾರೆ, ನಾನು ಬಾಯಿ ತೆರೆಯುವ ಮುಂಚೆ ಫೋನ್ ಕಿತ್ತುಕೊಂಡು ‘ನಾನು ಹೊಟ್ಟೆ ತುಂಬ ತಿಂತಿದೀನಪ್ಪ’ ಎಂದು ಸುಳ್ಳು ಹೇಳುತ್ತಾರೆ. ಅದು ಸುಳ್ಳೆಂದು ನಿಮಗೂ ಗೊತ್ತು, ನನಗೂ ಗೊತ್ತು, ಅವರಿಗಂತೂ ಗೊತ್ತೇ ಇದೆ.

ನಿಮ್ಮ ಹೋದ ತಿಂಗಳ ಪತ್ರವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅಮ್ಮ ಹೀಗೇ ಊಟ ಬಿಟ್ಟು ಸೊರಗುತ್ತಿದ್ದರೆ ಮುಂದಿನ ಬಂದರಿನಲ್ಲಿ ಇಳಿದು ಬಂದುಬಿಡುತ್ತೇನೆ, ಹದಿನೆಂಟನೇ ತಾರೀಖಿನೊಳಗೆ ಕ್ಯಾಪ್ಟನ್‌ಗೆ ಹೇಳಬೇಕು ಎಂದು ಬರೆದಿದ್ದಿರಿ. ದೊಡ್ಡ ಎಂಜಿನಿಯರ್ ಪರೀಕ್ಷೆಗೆ ಕೂರಲು ಇನ್ನು ಐವತ್ತೆರಡು ದಿನ ಸಮುದ್ರದ ಮೇಲೆ ಕೆಲಸ ಮಾಡಬೇಕು ಎಂಬುದನ್ನು ಅದೇ ಪತ್ರದ ಮೂಲೆಯಲ್ಲಿ, ಯಾರಿಗೂ ಕಾಣಬಾರದು ಎನ್ನುವಂತೆ, ಸಣ್ಣ ಅಕ್ಷರದಲ್ಲಿ ಬರೆದಿದ್ದಿರಿ. ನನಗೆ ಕಂಡಿತು. ಮಧ್ಯದಲ್ಲಿ ಇಳಿದರೆ ಈ ವರ್ಷದ ಪರೀಕ್ಷೆ ಹೋಯಿತು, ಈ ಕಂಪನಿಯ ಕೆಲಸವೂ ಹೋಯಿತು. ಹನ್ನೊಂದು ವರ್ಷ ಎಣ್ಣೆ ಒರೆಸಿ, ಬೈಸಿಕೊಂಡು, ಬಿಸಿಯಲ್ಲಿ ಬೆಂದು ನೀವು ಕಾಯ್ದದ್ದು ಇದಕ್ಕೇ ಎಂದು ನನಗೆ ಗೊತ್ತಿಲ್ಲವೇ? ಆದ್ದರಿಂದ ಒಂದು ಮಾತು ನಡೆಸಿಕೊಡಿ. ಈ ಪತ್ರವನ್ನು ಪೂರ್ತಿ ಓದುವವರೆಗೆ ಕ್ಯಾಪ್ಟನ್ ಕೋಣೆಯ ಮೆಟ್ಟಿಲು ಹತ್ತಬೇಡಿ. ಪತ್ರ ಉದ್ದವಿದೆ. ನನ್ನ ಹೊಟ್ಟೆಯೊಳಗೆ ಸಂತೋಷ ಕುದಿಯುತ್ತಿದೆ, ಚಿಕ್ಕದಾಗಿ ಬರೆಯಲು ಬರುತ್ತಿಲ್ಲ.

ಮೊದಲು ಕೆಟ್ಟ ಸುದ್ದಿಯನ್ನೆಲ್ಲ ಮುಗಿಸಿಬಿಡುತ್ತೇನೆ. ಮಾರ್ಚಿನ ಜ್ವರದಲ್ಲಿ ಅತ್ತೆಯ ಮೂಗು ಕೆಲಸ ನಿಲ್ಲಿಸಿತಲ್ಲ, ಆಗಸ್ಟ್ ಮುಗಿಯುವವರೆಗೂ ಅದು ಹಾಗೇ ಇತ್ತು. ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆ ನಡೆಸಿದವರು, ಪಾತ್ರೆಯ ಮುಚ್ಚಳ ತೆಗೆಯುವ ಮುಂಚೆಯೇ ‘ಉಪ್ಪು ಮರ್ತಿದೀಯ’ ಎನ್ನುತ್ತಿದ್ದವರು. ಉಪ್ಪಿಗೆ ವಾಸನೆ ಎಲ್ಲಿಂದ ಬರಬೇಕು ಅತ್ತೆ ಎಂದು ನಾನು ವಾದಿಸಿದರೆ, ‘ನಿನ್ನ ಮೂಗಿಗೆ ಬರಲ್ಲ ಅಷ್ಟೇ’ ಎನ್ನುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾನು ಮಾಡಿದ ಒಂದೊಂದು ಅಡುಗೆಗೂ ಅವರು ಹೆಸರಿಟ್ಟಿದ್ದು, ನಾನು ರಾತ್ರಿಯೆಲ್ಲ ನಿಮ್ಮ ಕಿವಿ ಕಚ್ಚಿದ್ದು, ನೀವು ನಿದ್ದೆ ಬಂದವರಂತೆ ನಟಿಸಿದ್ದು ನೆನಪಿದೆಯಲ್ಲ? ಅಂಥ ಅತ್ತೆ ಈ ಆರು ತಿಂಗಳಲ್ಲಿ ಒಂದೇ ಒಂದು ದಿನವೂ ಹೆಸರಿಡಲಿಲ್ಲ. ಏನು ಬಡಿಸಿದರೂ ‘ಚೆನ್ನಾಗಿದೆ ಕಣೇ’. ಒಮ್ಮೆ ಹಾಲು ಒಡೆದುಹೋಗಿದ್ದು ನನಗೇ ಗೊತ್ತಾಗದೆ ಹಾಗೇ ಕೊಟ್ಟುಬಿಟ್ಟಿದ್ದೆ, ಅದಕ್ಕೂ ‘ಚೆನ್ನಾಗಿದೆ ಕಣೇ’. ಐವತ್ತೆಂಟು ಕಿಲೋ ಇದ್ದವರು ನಲವತ್ತಾರಕ್ಕೆ ಇಳಿದಿದ್ದರು. ತಟ್ಟೆ ಮಾತ್ರ ಪ್ರತಿದಿನ ಖಾಲಿ. ಇದೇನು ಮಾಯ ಎಂದು ನಾನು ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ಹಿಂದಿನ ಮನೆಯ ವೆಲ್ಡರ್ ಮಾಮ ಒಂದು ದಿನ ಗೋಡೆಯ ಮೇಲಿಂದ, ‘ನಮ್ಮ ನಾಯಿ ಯಾಕಮ್ಮ ಹಿಂಗೆ ದಪ್ಪ ಆಗ್ತಿದೆ? ನಾನು ಹಾಕೋದು ಒಂದೇ ಹೊತ್ತು’ ಎಂದರು. ಆಗ ಗೊತ್ತಾಯಿತು. ನಿಮ್ಮ ತಾಯಿ ಗೋಡೆಯ ಸಂದಿಯಿಂದ ದಿನಾ ಆ ನಾಯಿಗೆ ಸಂತರ್ಪಣೆ ಮಾಡುತ್ತಿದ್ದರು. ಕೇಳಿದರೆ, ‘ಏನ್ ಮಾಡ್ಲೇ, ಎಲ್ಲಾ ಒದ್ದೆ ಕಾಗದ ಅಗಿದ ಹಾಗಿರುತ್ತೆ. ನೀನು ಕೆಲಸದಿಂದ ಬಂದು ಮಾಡಿರ್ತೀಯ, ಬೇಡ ಅನ್ನೋಕೆ ಬಾಯಿ ಬರಲ್ಲ’ ಎಂದರು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ.

ಕಿವಿ ಮೂಗಿನ ಡಾಕ್ಟರು ನಾಲ್ಕು ಸೀಸೆ ಕೊಟ್ಟು, ದಿನಕ್ಕೆ ಎರಡು ಸಲ ಮೂಸಿಸಿ, ಮೂಗಿಗೆ ಮತ್ತೆ ಪಾಠ ಹೇಳಿಕೊಡಬೇಕು ಎಂದಿದ್ದರು. ನಿಂಬೆ, ಲವಂಗ, ಗುಲಾಬಿ, ಇನ್ನೊಂದು ಯಾವುದೋ ಎಲೆಯ ಎಣ್ಣೆ. ಅತ್ತೆ ಶಾಲೆಯ ಹುಡುಗಿಯಂತೆ ಮೂಸುತ್ತಿದ್ದರು, ಸೀಸೆಯ ಮೇಲಿನ ಚೀಟಿ ಓದಿ ‘ನಿಂಬೆ’ ಎನ್ನುತ್ತಿದ್ದರು. ಚೀಟಿ ಕಿತ್ತು ಕೊಟ್ಟ ದಿನ ಗುಲಾಬಿಯನ್ನು ಲವಂಗ ಎಂದರು. ಇಲ್ಲಿಗೆ ಕೆಟ್ಟ ಸುದ್ದಿ ಮುಗಿಯಿತು.

ಈಗ ಡ್ರಮ್ಮಿನ ವಿಷಯ. ನಿಜ ಹೇಳಿಬಿಡುತ್ತೇನೆ, ಅದನ್ನು ನಾನು ತಂದದ್ದು ಅತ್ತೆಗಾಗಿ ಅಲ್ಲ, ನನಗಾಗಿ. ದಿನಾ ಬೆಳಗಾದರೆ ಫ್ರಿಜ್ಜು, ಐಸ್ ಮಷೀನು, ಮಾಂಸದಂಗಡಿಗಳ ಕೋಲ್ಡ್ ರೂಮು. ಹದಿನಾಲ್ಕು ವರ್ಷದಿಂದ ಎಲ್ಲರ ಮನೆಯದನ್ನೂ ತಣ್ಣಗೆ ಮಾಡುವುದೇ ನನ್ನ ಹೊಟ್ಟೆಪಾಡು. ಆಗಸ್ಟಿನಲ್ಲಿ ಒಂದು ಸಂಜೆ ವೆಲ್ಡರ್ ಮಾಮನ ಫ್ರಿಜ್ಜಿನ ಕಂಪ್ರೆಸರ್ ಬದಲಾಯಿಸಲು ಹೋದಾಗ ಅವರ ಶೆಡ್ಡಿನ ಮೂಲೆಯಲ್ಲಿ ಇದು ನಿಂತಿತ್ತು. ಸೊಂಟದವರೆಗಿನ ಕಬ್ಬಿಣದ ಡ್ರಮ್ಮು, ಕೆಳಗೆ ಇದ್ದಿಲ ಬುಟ್ಟಿ, ಇದ್ದಿಲು ಹಾಕಲು ಮುಂದೊಂದು ಸಣ್ಣ ಬಾಗಿಲು, ಅದರ ಕೆಳಗೆ ಮೂರು ಗಾಳಿ ಕಿಂಡಿ, ನಡುವೆ ನೀರಿನ ತಟ್ಟೆ, ಮೇಲೆ ಮಾಂಸ ಇಡುವ ಜಾಲರಿ, ಮುಚ್ಚಳದ ಮೇಲೊಂದು ಹೊಗೆ ಕೊಳವೆ. ಇದ್ದಿಲ ಸ್ಮೋಕರ್. ಬೆಂಕಿಯ ಮೇಲೆ ಸುಡುವುದಲ್ಲ, ಹೊಗೆಯಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಬೇಯಿಸುವುದು. ಮಾಮ ಸರ್ವಿಸಿನಲ್ಲಿದ್ದಾಗ ಕೈಯಾರೆ ಬೆಸೆದದ್ದಂತೆ, ಈಗ ಮಂಡಿ ನೋವು, ಬಗ್ಗಲು ಆಗುವುದಿಲ್ಲ. ನಾನು ಅದನ್ನು ಎಷ್ಟು ಹೊತ್ತು ಕಣ್ಣು ಬಾಯಿ ಬಿಟ್ಟು ನೋಡಿದೆನೋ, ‘ಕಂಪ್ರೆಸರ್ ಕೂಲಿ ಬೇಡ ಅಂದ್ರೆ ಇದನ್ನ ಹೊತ್ಕೊಂಡು ಹೋಗಮ್ಮ, ನನ್ನ ಕಣ್ಣೆದುರು ತುಕ್ಕು ಹಿಡೀತಿದೆ’ ಎಂದರು. ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ಗ್ಯಾಸ್ ಸಿಲಿಂಡರ್ ಸಾಗಿಸುವ ಕೈಗಾಡಿಯ ಮೇಲೆ ಅದನ್ನು ಕಟ್ಟಿ, ಬೀದಿಯುದ್ದಕ್ಕೂ ಗಡಗಡ ಸದ್ದು ಮಾಡಿಕೊಂಡು ಮನೆಗೆ ತಂದೆ. ಅತ್ತೆ ಬಾಗಿಲಲ್ಲಿ ನಿಂತು ‘ಅದೇನೇ, ನೀರಿನ ಟ್ಯಾಂಕಾ?’ ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಹೋಗಿ ಮಲಗಿದರು.

ಮೊದಲನೇ ಭಾನುವಾರ ಬರಿಯ ಡ್ರಮ್ಮನ್ನು ಕಾಯಿಸುವ ದಿನ. ಒಳಗೆಲ್ಲ ಅಡುಗೆ ಎಣ್ಣೆ ಸವರಿ, ಏನೂ ಇಡದೆ ಎರಡು ಮೂರು ಗಂಟೆ ಇದ್ದಿಲು ಉರಿಸಬೇಕು, ಆಗ ಕಬ್ಬಿಣಕ್ಕೆ ಕಪ್ಪು ಮೈ ಬರುತ್ತದೆ, ಹಳೆಯ ತುಕ್ಕಿನ ವಾಸನೆ ಹೋಗುತ್ತದೆ ಎಂದು ಮಾಮ ಹೇಳಿದ್ದರು. ಬಾಗಿಲನ್ನು ನೋಡಿದೆ. ಸುತ್ತಲೂ ಸಂದಿ! ಅಭ್ಯಾಸ ಬಿಡುತ್ತದೆಯೇ ಹೇಳಿ. ಫ್ರಿಜ್ ಬಾಗಿಲಿಗೆ ಮಾಡುವಂತೆ ಒಂದು ಕಾಗದದ ಚೂರನ್ನು ನಡುವೆ ಇಟ್ಟು, ಬಾಗಿಲು ಮುಚ್ಚಿ ಎಳೆದೆ. ಸಲೀಸಾಗಿ ಬಂತು. ಛೇ, ಇದೆಂಥ ಬಾಗಿಲು, ಮಾಮನಿಗೆ ವಯಸ್ಸಾಯಿತು ಎಂದುಕೊಂಡು ನನ್ನ ಡಬ್ಬದಿಂದ ಹೊಸ ಫ್ರಿಜ್ ರಬ್ಬರ್ ತೆಗೆದು, ನಾಲ್ಕೂ ಅಂಚಿಗೆ ಅಚ್ಚುಕಟ್ಟಾಗಿ ಕೂರಿಸಿದೆ. ಈಗ ಕಾಗದ ಹರಿಯಿತೇ ಹೊರತು ಜಗ್ಗಲಿಲ್ಲ. ಹೆಮ್ಮೆಯಿಂದ ಫೋಟೋ ಕೂಡ ತೆಗೆದುಕೊಂಡೆ. ಅಷ್ಟಕ್ಕೇ ಸುಮ್ಮನಾಗದೆ ಗಾಳಿ ಕಿಂಡಿಗಳನ್ನೂ ಮುಚ್ಚಿದೆ, ಒಳಗಿನದು ಒಳಗೇ ಇರಲಿ ಎಂದು. ಇದ್ದಿಲು ಹೊತ್ತಿಕೊಂಡಿತು, ಐದು ನಿಮಿಷಕ್ಕೆ ಆರಿತು. ಮತ್ತೆ ಹೊತ್ತಿಸಿದೆ, ಮತ್ತೆ ಆರಿತು. ಬೆಂಕಿಗೂ ಉಸಿರು ಬೇಕು ಎಂದು ಹೊಳೆಯಲು ಈ ಮೆಕ್ಯಾನಿಕ್ ತಲೆಗೆ ಮುಕ್ಕಾಲು ಗಂಟೆ ಹಿಡಿಯಿತು ನೋಡಿ! ನೀವು ನಗುತ್ತಿದ್ದೀರಿ, ನಗಿ. ಮೂರನೇ ಸಲ ಕಿಂಡಿಗಳನ್ನೆಲ್ಲ ಪೂರ್ತಿ ತೆರೆದೆ, ಇದ್ದಿಲು ಧಗಧಗ ಉರಿಯತೊಡಗಿತು, ಏನಾಗಿದೆ ನೋಡೋಣ ಎಂದು ಬಾಗಿಲು ತೆಗೆದೆ. ಭುಸ್ ಎಂದು ಬಂದ ಒಂದು ನಾಲಿಗೆ ಉರಿ ನನ್ನ ಹುಬ್ಬನ್ನು ನೆಕ್ಕಿ ಹೋಯಿತು. ಹೌಹಾರಿ ಬಾಗಿಲು ಬಡಿದೆ. ಅಷ್ಟರಲ್ಲಿ ರಬ್ಬರ್ ಕರಗಿ ತೊಟತೊಟ ಕೆಂಡಕ್ಕೆ ಬಿದ್ದು, ಕಪ್ಪಗೆ ಹೊಗೆ ಏಳತೊಡಗಿತ್ತು. ನಾನು ಕೆಮ್ಮುತ್ತ, ಮರಳಿನ ಬಕೆಟ್ ಹುಡುಕುತ್ತ ಓಡಾಡುತ್ತಿದ್ದಾಗ ಹಿಂದಿನ ಬಾಗಿಲು ಧಡಾರನೆ ತೆರೆಯಿತು. ‘ಏನೇ ಅದು, ರಬ್ಬರ್ ಸುಡ್ತಿದ್ಯಲ್ಲೇ! ಫ್ಯಾನ್ ವೈರೇ ಹತ್ಕೊಂಡ್ತೇನೋ ಅಂತ ನಾನು ಎದ್ದು ಓಡಿ ಬಂದೆ!’ ಎಂದು ಅತ್ತೆ ಕೂಗಿದರು.

ನಾನು ಮರಳು ಸುರಿದೆ. ಹೊಗೆ ಅಡಗಿತು. ಆಮೇಲೆ ಕೈಯಲ್ಲಿ ಖಾಲಿ ಬಕೆಟ್ ಹಿಡಿದು ಹಾಗೇ ನಿಂತೆ. ಅತ್ತೆ ಮಲಗಿದ್ದು ಮುಂದಿನ ಕೋಣೆಯಲ್ಲಿ, ಕಿಟಕಿ ಬೀದಿಯ ಕಡೆಗಿದೆ, ಅವರಿಗೆ ಹೊಗೆ ಕಾಣಲು ಸಾಧ್ಯವೇ ಇರಲಿಲ್ಲ. ‘ಅತ್ತೆ, ಈಗೇನಂದ್ರಿ?’ ಎಂದೆ. ಅವರೂ ಮೂಗಿಗೆ ಒತ್ತಿಕೊಂಡಿದ್ದ ಸೆರಗಿನ ತುದಿಯನ್ನು ಮೆಲ್ಲಗೆ ಕೆಳಗೆ ಬಿಟ್ಟರು. ಅವರು ಹತ್ತಿರ ಬಂದು ಕರಗಿದ ರಬ್ಬರಿನ ಮೇಲೆ ಬಗ್ಗಿ ಉಸಿರೆಳೆದರು, ಇನ್ನೊಮ್ಮೆ ಎಳೆದರು, ‘ಹೋಯ್ತು ಕಣೇ. ಈಗಿತ್ತು, ಈಗಿಲ್ಲ’ ಎಂದರು. ಆ ಸಂಜೆಯೆಲ್ಲ ಮನೆಯಲ್ಲಿ ಒಂದು ಡಬ್ಬಿಯನ್ನೂ ಬಿಡದೆ ಮೂಸಿದರು. ಕಾಫಿ ಪುಡಿ, ಸೋಪು, ಮೆಣಸು, ನಿಮ್ಮ ಹಳೆಯ ಬೂಟು ಕೂಡ. ಏನೂ ಇಲ್ಲ. ನಿಮಗೆ ಬರೆಯಬಾರದು ಎಂದು ನನ್ನಿಂದ ಆಣೆ ಹಾಕಿಸಿಕೊಂಡರು. ‘ಅವನಿಗೆ ಆಸೆ ಹುಟ್ಟಿಸಿ ಆಮೇಲೆ ಇಲ್ಲ ಅನ್ನೋದು ಬೇಡ’ ಎಂದರು. ಅದಕ್ಕೇ ಎರಡು ವಾರ ಫೋನಿನಲ್ಲಿ ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಅದೆಂಥ ಕಷ್ಟ ಎಂದು ನನ್ನನ್ನು ಬಲ್ಲ ನಿಮಗೆ ಬೇರೆ ಹೇಳಬೇಕೇ?

ಎರಡನೇ ಭಾನುವಾರ ಕೋಳಿ. ಸೋಮವಾರದಿಂದಲೇ ನಾನು ಡ್ರಮ್ಮನ್ನು ಕೆರೆದು, ಉಜ್ಜಿ, ರಬ್ಬರಿನ ಗುರುತಿಲ್ಲದಂತೆ ಸಂಜೆ ಸಂಜೆ ಮತ್ತೆರಡು ಸಲ ಬರಿದೇ ಕಾಯಿಸಿ ಸಿದ್ಧ ಮಾಡಿದ್ದೆ. ಈ ಸಲ ಅತ್ತೆಗಾಗಿಯೇ, ಹೊಗೆಯ ವಾಸನೆ ಇನ್ನೊಮ್ಮೆ ಹತ್ತಲಿ ಎಂದು. ಅಲ್ಲೇ ನೋಡಿ ನಾನು ಎಡವಿದ್ದು. ಆಸೆ ಜಾಸ್ತಿಯಾಗಿ ಹಣ್ಣಿನ ಮರದ ತುಂಡು ಎರಡು ಹಾಕುವ ಕಡೆ ಒಂಬತ್ತು ಹಾಕಿದೆ, ಅದನ್ನೂ ನೀರಿನಲ್ಲಿ ನೆನೆಸಿ. ಡ್ರಮ್ಮಿನಿಂದ ಹತ್ತಿಯಂಥ ಬಿಳಿ ಹೊಗೆ ದಟ್ಟವಾಗಿ ಎದ್ದಿತು. ನನಗಂತೂ ಕುಣಿದಾಡುವಷ್ಟು ಖುಷಿ. ವೆಲ್ಡರ್ ಮಾಮ ಗೋಡೆಯಾಚೆಯಿಂದ, ‘ಬಿಳೀ ಹೊಗೆ ಹೋಗ್ಲಿ ತಾಳಮ್ಮ, ತೆಳ್ಳಗೆ ನೀಲಿ ಬರ್ಬೇಕು, ಕಂಡೂ ಕಾಣ್ದಂಗೆ ಇರ್ಬೇಕು, ಆಮೇಲೆ ಕೋಳಿ ಇಡು’ ಎಂದು ಕೂಗಿದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಕಾಣದ ಹೊಗೆಯಿಂದ ಏನು ಪ್ರಯೋಜನ ಎಂದುಕೊಂಡೆ. ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ನೋಡಿದೆ. ನಾಲ್ಕು ಗಂಟೆಯ ನಂತರ ಕೋಳಿ ನನ್ನ ಟೂಲ್ ಬ್ಯಾಗಿನಷ್ಟು ಕಪ್ಪಗಾಗಿತ್ತು. ಒಂದು ಚೂರು ಬಾಯಿಗಿಟ್ಟರೆ ಮಸಿ ನೆಕ್ಕಿದ ಹಾಗೆ ಕಹಿ, ನಾಲಿಗೆಯೇ ಜೋಮು ಹಿಡಿಯಿತು. ಅಷ್ಟರಲ್ಲಿ ಅತ್ತೆ ಒಂದು ತುಂಡು ಬಾಯಿಗೆ ಹಾಕಿಕೊಂಡಿದ್ದರು. ‘ಚೆನ್ನಾಗಿದೆ ಕಣೇ’ ಎಂದರು. ಉಳಿದದ್ದನ್ನು ಗೋಡೆಯಾಚೆ ಹಾಕಿದರೆ ಆ ನಾಯಿ ಕೂಡ ಮೂಸಿ, ನನ್ನ ಮುಖ ನೋಡಿ, ಎದ್ದು ಹೋಯಿತು. ಅಂದು ನಾನು ಸೋತೆ ಎಂದುಕೊಂಡೆ. ನಿಮಗೆ ‘ಬಂದುಬಿಡಿ’ ಎಂದು ಬರೆಯಲು ಕಾಗದವನ್ನೂ ತೆಗೆದಿದ್ದೆ.

ಆದರೆ ಬೆಂಕಿಯ ಹುಚ್ಚು ಒಮ್ಮೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ, ಬಾಯ್ಲರ್ ಪಕ್ಕದಲ್ಲಿ ಮಲಗೆದ್ದ ನಿಮಗೆ ಗೊತ್ತಿರಬೇಕು. ವಾರವೆಲ್ಲ ಕೋಲ್ಡ್ ರೂಮಿನಲ್ಲಿ ಹಲ್ಲು ಕಡಿಯುತ್ತ ಕೂತು ಅದನ್ನೇ ಯೋಚಿಸಿದೆ. ಶುಕ್ರವಾರ ಮಾಂಸದಂಗಡಿಯ ಕೋಲ್ಡ್ ರೂಮಿಗೆ ಗ್ಯಾಸ್ ತುಂಬಿಸಿದ ಮೇಲೆ ಅಂಗಡಿಯಾತನನ್ನೇ ಕೇಳಿದೆ. ಕುರಿಯ ಭುಜದ ತುಂಡು ತಗೊಳ್ಳಿ, ಕೊಬ್ಬಿದೆ, ತಪ್ಪು ಮಾಡಿದ್ರೂ ಕ್ಷಮಿಸುತ್ತೆ ಎಂದು ಮೂರು ಕಿಲೋದ್ದು ಆರಿಸಿಕೊಟ್ಟ. ನಿನ್ನೆ ಸಂಜೆ ಉಪ್ಪು, ಕಾಳುಮೆಣಸು, ಬೆಲ್ಲದ ಪುಡಿ ತಿಕ್ಕಿ ಇಟ್ಟೆ. ಇವತ್ತು ಬೆಳಿಗ್ಗೆ ಆರಕ್ಕೆ ತೂತಿನ ಡಬ್ಬಿಯಲ್ಲಿ ಇದ್ದಿಲು ಹೊತ್ತಿಸಿ, ಮೇಲೆ ಬೂದಿ ಹಿಡಿದ ಮೇಲೆ ಬುಟ್ಟಿಗೆ ಸುರಿದು, ಒಣಗಿದ ಎರಡೇ ಎರಡು ಮರದ ತುಂಡು ಹಾಕಿ, ಕೈ ಕಟ್ಟಿಕೊಂಡು ಕೂತೆ. ಮೊದಲು ಬಿಳಿ ಹೊಗೆ ಬಂತು. ನಾನು ಜಪ್ಪಯ್ಯ ಎನ್ನಲಿಲ್ಲ. ಅರ್ಧ ಗಂಟೆಯಾದ ಮೇಲೆ ಕೊಳವೆಯ ಬಾಯಲ್ಲಿ ಹೊಗೆ ತೆಳ್ಳಗಾಗಿ, ಗೋಡೆಯ ನೆರಳಿನ ಎದುರು ನೋಡಿದರೆ ಮಾತ್ರ ಕಾಣುವಂಥ ನೀಲಿ ಬಂತು ನೋಡಿ! ಮಾಮನಿಗೆ ಕೂಗಿ ಹೇಳಿದೆ. ಅವರು ಮಂಡಿ ನೋವಿನಲ್ಲೂ ಸ್ಟೂಲ್ ಹತ್ತಿ ಗೋಡೆಯಾಚೆಯಿಂದ ಇಣುಕಿ, ‘ಹಾಂ, ಇದು ಹೊಗೆ ಅಂದ್ರೆ’ ಎಂದರು. ಕಂಪನಿಯಿಂದ ಮೆಡಲ್ ಕೊಟ್ಟಿದ್ದರೂ ಅಷ್ಟು ಖುಷಿಯಾಗುತ್ತಿರಲಿಲ್ಲ.

ಮಾಂಸವನ್ನು ಜಾಲರಿಯ ಮೇಲಿಟ್ಟು ಮುಚ್ಚಳ ಹಾಕಿದೆ. ಆಮೇಲಿನದು ನಿಮಗೆ ಹೇಳಲೇಬೇಕು, ನಿಮ್ಮಂಥ ಎಂಜಿನ್ನಿನವರಿಗೇ ಅರ್ಥವಾಗುವಂಥದ್ದು. ಒಳಗಿನ ಶಾಖ ನೂರಾಹತ್ತು ಡಿಗ್ರಿಯಲ್ಲಿ ಕಂಬದಂತೆ ನಿಂತಿತ್ತು, ಮಾಂಸದ ಬಿಸಿ ಒಂದೊಂದೇ ಡಿಗ್ರಿ ಏರಿ ಹತ್ತೂವರೆಗೆ ಎಪ್ಪತ್ತು ಮುಟ್ಟಿತು. ಅಲ್ಲೇ ನಿಂತುಬಿಟ್ಟಿತು. ಹನ್ನೊಂದಕ್ಕೂ ಎಪ್ಪತ್ತು, ಹನ್ನೆರಡಕ್ಕೂ ಎಪ್ಪತ್ತು. ಥರ್ಮಾಮೀಟರ್ ಕೆಟ್ಟಿತೇನೋ ಎಂದು ಐಸ್ ನೀರಿನಲ್ಲಿ ಅದ್ದಿ ನೋಡಿದೆ, ಸರಿಯಾಗಿ ಸೊನ್ನೆ ತೋರಿಸಿತು. ಇನ್ನಷ್ಟು ಇದ್ದಿಲು ಸುರಿಯಲೇ ಎಂದು ಕೈ ಹೋಗಿತ್ತು. ಅಷ್ಟರಲ್ಲಿ ಹೊಳೆಯಿತು, ಮಾಂಸ ಬೆವರುತ್ತಿದೆ! ಒಳಗಿನ ನೀರು ಮೇಲೆ ಬಂದು ಆವಿಯಾಗುತ್ತ ಅದನ್ನು ತಣ್ಣಗೆ ಮಾಡುತ್ತಿದೆ, ಬೆಂಕಿ ಎಷ್ಟು ಕೊಟ್ಟರೂ ಅಷ್ಟನ್ನೂ ಬೆವರು ತಿಂದುಹಾಕುತ್ತಿದೆ. ಇದು ನನ್ನ ಕೆಲಸವಲ್ಲವೇ? ಹದಿನಾಲ್ಕು ವರ್ಷದಿಂದ ನಾನು ಪೈಪಿನೊಳಗೆ ಮಾಡಿಸುತ್ತಿರುವುದು ಇದನ್ನೇ! ಡ್ರಮ್ಮಿನೊಳಗೂ ನನ್ನ ಫ್ರಿಜ್ಜೇ ಕೂತಿದೆ! ನಾನು ಅದೆಷ್ಟು ಜೋರಾಗಿ ಕೂಗಿದೆನೋ, ಅತ್ತೆ ಮತ್ತೇನು ಹತ್ತಿಕೊಂಡಿತೋ ಎಂದು ಹೊರಗೆ ಬಂದರು. ಬಂದವರು ಒಳಗೆ ಹೋಗಲಿಲ್ಲ, ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಡ್ರಮ್ಮಿನ ಪಕ್ಕದಲ್ಲೇ ಕೂತರು. ಒಂದು ಗಂಟೆಗೆ ಬೆವರು ಮುಗಿದು ಮುಳ್ಳು ಎಪ್ಪತ್ತೊಂದಕ್ಕೆ ಸರಿಯಿತು. ಮೂರಕ್ಕೆ ಸ್ವಲ್ಪ ಮುಂಚೆ, ಜಜ್ಜಿದ ಬೆಳ್ಳುಳ್ಳಿಯನ್ನು ಎಣ್ಣೆಗೆ ಹಾಕಿ ಮೇಲೆ ಒಂದು ಕೈ ಸವರಿದೆ. ಆಗ ಅತ್ತೆ ಮುಖ ತೊಳೆಯಲು ಬಚ್ಚಲಿಗೆ ಹೋಗಿದ್ದರು, ಇದನ್ನು ಮರೆಯಬೇಡಿ.

ಮೂರೂವರೆಗೆ ಮೂಳೆ ಹಿಡಿದು ಎಳೆದರೆ ತಾನಾಗಿ ಕೈಗೆ ಬಂತು. ಈ ಮೆಟ್ಟಿಲ ಮೇಲೇ ತಟ್ಟೆ ಇಟ್ಟುಕೊಂಡು ಕೂತೆವು. ಅತ್ತೆ ಒಂದು ತುತ್ತು ಬಾಯಿಗಿಟ್ಟರು. ಅಗಿದರು. ನಿಲ್ಲಿಸಿದರು. ಮತ್ತೆ ಅಗಿದರು. ‘ಚೆನ್ನಾಗಿದೆ ಕಣೇ’ ಬಂದರೆ ಈ ಡ್ರಮ್ಮನ್ನು ನಾಳೆಯೇ ಗುಜರಿಗೆ ಹಾಕುತ್ತೇನೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಆಗ ನಿಮ್ಮ ತಾಯಿ ಮೂಗು ಮುರಿದು, ‘ಉಪ್ಪು ಸಾಲ್ದು. ಆ ತುದಿ ಕಹಿ ಹೊಡೀತಿದೆ. ಬೆಳ್ಳುಳ್ಳಿ ಹಸೀ ವಾಸ್ನೆ ಹಂಗೇ ಉಳ್ಕೊಂಡಿದೆ, ಯಾರೇ ನಿನಗೆ ಕೊನೇಲಿ ಇಷ್ಟು ಸುರಿ ಅಂದಿದ್ದು?’ ಎಂದು ಬೈದರು. ರೀ, ನಿಮ್ಮ ತಾಯಿ ನನ್ನ ಅಡುಗೆಗೆ ಹೆಸರಿಟ್ಟರು ರೀ! ಒಂದಲ್ಲ, ಮೂರು! ನಾನು ತಟ್ಟೆ ಕೆಳಗಿಟ್ಟು ಅವರ ಕುತ್ತಿಗೆಗೆ ಜೋತುಬಿದ್ದು ಗೊಳೋ ಎಂದು ಅತ್ತುಬಿಟ್ಟೆ. ಪಾಪ, ಅವರಿಗೆ ಗಾಬರಿ. ‘ಅಯ್ಯೋ, ಅಷ್ಟೊಂದು ಕೆಟ್ಟದಾಗೇನಿಲ್ಲ ಬಿಡೇ, ಮಾತಿಗೆ ಹೇಳ್ದೆ’ ಎಂದು ಬೆನ್ನು ಸವರಿದರು. ‘ಇನ್ನೂ ಬೈರಿ ಅತ್ತೆ, ಇನ್ನೂ ಬೈರಿ’ ಎಂದೆ. ಆಗ ಅವರಿಗೂ ತಾವು ಹೇಳಿದ್ದೇನು ಎಂದು ಅರ್ಥವಾಯಿತು. ಬೆರಳನ್ನು ಮೂಗಿನ ಹತ್ತಿರ ಹಿಡಿದು ಮತ್ತೆ ಮತ್ತೆ ಮೂಸಿದರು. ಆಮೇಲೆ ಮೆಲ್ಲಗೆ ತಪ್ಪೊಪ್ಪಿಕೊಂಡರು. ಬುಧವಾರದಿಂದಲೇ ಸಣ್ಣಗೆ ಶುರುವಾಗಿತ್ತಂತೆ. ನಾನು ಕೆಲಸಕ್ಕೆ ಹೋದ ಮೇಲೆ ದಿನಾ ಒಂದೊಂದು ಬೆಂಕಿಕಡ್ಡಿ ಗೀರಿ, ಆರಿಸಿ, ಮೂಸುತ್ತಿದ್ದರಂತೆ. ಮೊದಲ ದಿನ ಏನೋ ಇದ್ದ ಹಾಗೆ, ಮಾರನೆಯ ದಿನ ಸ್ವಲ್ಪ ಜಾಸ್ತಿ, ನಿನ್ನೆ ಈರುಳ್ಳಿ ಕೂಡ. ಬೆಂಕಿಪೊಟ್ಟಣ ಇಷ್ಟು ಬೇಗ ಹೇಗೆ ಖಾಲಿಯಾಯಿತು ಎಂದು ನಾನು ಅಂಗಡಿಯವನನ್ನು ಬೈದುಕೊಂಡಿದ್ದೆ.

ನಂಬಿಕೆ ಬರಲಿಲ್ಲವೆಂದರೆ ಇದನ್ನೂ ಕೇಳಿ. ಎರಡನೇ ಸಲ ಬಡಿಸಿಕೊಂಡರು, ಮೂರನೇ ಸಲ ಮೂಳೆಗೆ ಅಂಟಿದ್ದನ್ನು ಕೇಳಿ ಹಾಕಿಸಿಕೊಂಡರು. ನಾನು ಎದ್ದು ಹೋಗಿ ನೋಡಿ ಬಂದೆ, ಮಾಮ ನಾಯಿಯನ್ನು ಕಟ್ಟಿಹಾಕಿದ್ದರು. ಡಾಕ್ಟರಿಗೆ ಫೋನ್ ಮಾಡಿದೆ, ಭಾನುವಾರ ತೊಂದರೆ ಕೊಟ್ಟಳಲ್ಲ ಎಂಬ ದನಿಯಲ್ಲೇ ಎತ್ತಿದವರು ವಿಷಯ ಕೇಳಿ ನಕ್ಕರು. ‘ಬರೋಕೆ ಶುರುವಾಗಿದೆ ಅಂದ್ರೆ ಬರುತ್ತೆ, ನಿಧಾನಕ್ಕೆ. ಸೀಸೆ ಬಿಡಬೇಡಿ’ ಎಂದರು. ಸುಳ್ಳು ಹೇಳುವುದಿಲ್ಲ, ಎಲ್ಲವೂ ಬಂದಿಲ್ಲ. ಕಾಫಿ ಇನ್ನೂ ಸುಟ್ಟ ಕಾಗದದಂತೆ ಅನ್ನಿಸುತ್ತದಂತೆ, ಗುಲಾಬಿ ಇನ್ನೂ ಲವಂಗವೇ. ತೂಕ ನಿನ್ನೆ ನೋಡಿದಾಗ ಅರ್ಧ ಕಿಲೋ ಏರಿತ್ತು. ನಾನು ತಕ್ಕಡಿ ಕೆಟ್ಟಿದೆ ಎಂದುಕೊಂಡು ಅವರಿಗೂ ಹೇಳಿರಲಿಲ್ಲ. ಈಗ ನಾನು ಇದನ್ನು ಬರೆಯುತ್ತಿರುವಾಗ ಅವರು ಒಳಗೆ ಮುಂದಿನ ಭಾನುವಾರಕ್ಕೆ ಮಸಾಲೆಯ ಪಟ್ಟಿ ಮಾಡುತ್ತಿದ್ದಾರೆ. ಉಪ್ಪು ಎಷ್ಟು ಹಾಕಬೇಕೆಂದು ಇನ್ನು ಮುಂದೆ ತಾವೇ ಹೇಳುತ್ತಾರಂತೆ, ನನಗೆ ಇದ್ದಿಲು ಹೊತ್ತಿಸುವ ಕೆಲಸ ಮಾತ್ರವಂತೆ. ಡ್ರಮ್ಮು ನನ್ನದು ಎಂದು ಜಗಳವಾಡಲು ನನಗೆ ಇವತ್ತು ಮನಸ್ಸೇ ಬರಲಿಲ್ಲ.

ಅಡುಗೆಯವರ ಕೈಯಲ್ಲಿ ಎರಡು ಜೊತೆ ಕಾಲುಚೀಲ ಮತ್ತು ಮಣಿಕಟ್ಟಿನ ಪಟ್ಟಿ ಕಳಿಸುತ್ತಿದ್ದೇನೆ. ಮಾಂಸ ಕಳಿಸೋಣ ಎಂದುಕೊಂಡೆ, ಮೂರು ದಿನದ ದಾರಿಯಲ್ಲಿ ಏನಾಗುತ್ತದೆ ಎಂದು ಈ ಮೆಕ್ಯಾನಿಕ್‌ಗೆ ಗೊತ್ತು, ಅದಕ್ಕೇ ಬಿಟ್ಟೆ. ವೆಲ್ಡರ್ ಮಾಮ ನಿಮ್ಮನ್ನು ಕೇಳಿದ್ದಾಗಿ ತಿಳಿಸಲು ಹೇಳಿದ್ದಾರೆ. ಅಮ್ಮನ ಆಶೀರ್ವಾದ, ಜೊತೆಗೆ ಅವರದೇ ಮಾತಿನಲ್ಲಿ, ‘ಹೊತ್ತೊತ್ತಿಗೆ ತಿನ್ನು ಅನ್ನು, ನನ್ನ ಥರ ಆಡಬೇಡ ಅನ್ನು’. ನೀವು ಇರುವಲ್ಲಿ ಸಮುದ್ರ ಶಾಂತವಾಗಿರಲಿ, ಎಂಜಿನ್ ನಿಮ್ಮ ಮಾತು ಕೇಳಲಿ, ದಿನಕ್ಕೊಮ್ಮೆಯಾದರೂ ಮೇಲೆ ಬಂದು ಗಾಳಿ ಕುಡಿಯಿರಿ.

ಅರ್ಧ ಹುಬ್ಬಿನ,
ನಿಮ್ಮ 
ಫ್ರಿಜ್ ರಾಣಿ

ತಾ.ಕ.: ಕವರ್ ಅಂಟಿಸಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಇಷ್ಟೆಲ್ಲ ಬರೆದು, ಬರೆಯಬೇಕಾದದ್ದನ್ನೇ ಬರೆಯದೆ ಜಾರಿಕೊಂಡಿದ್ದೆ, ಬೇಕೆಂದೇ. ನೀವು ಇಳಿಯಬೇಡಿ. ಕ್ಯಾಪ್ಟನ್‌ಗೆ ಏನೂ ಹೇಳಬೇಡಿ. ಐವತ್ತೆರಡು ದಿನ ಮುಗಿಸಿ, ಪರೀಕ್ಷೆಗೆ ಕೂತು, ಆಮೇಲೆ ಬನ್ನಿ. ನಿಮ್ಮನ್ನು ಬೇಗ ಕರೆಸಿಕೊಳ್ಳಲು ನನಗಿದ್ದದ್ದು ಅದೊಂದೇ ನೆಪ, ಅದನ್ನು ನಾನೇ ಕೈಯಾರೆ ಬೇಯಿಸಿ ಬಡಿಸಿದೆ. ಇದನ್ನು ಬರೆಯುವಾಗ ಕಣ್ಣು ಒರೆಸಿಕೊಳ್ಳುತ್ತಿದ್ದುದನ್ನು ಅತ್ತೆ ನೋಡಿ ಏನಾಯಿತೇ ಎಂದರು. ಹೊಗೆ ಅತ್ತೆ, ಕಣ್ಣಿಗೆ ಹೊಗೆ ಎಂದೆ. ‘ಸುಳ್ಳು ಹೇಳ್ಬೇಡ, ಇದ್ದಿಲು ಆರಿ ಎರಡು ಗಂಟೆ ಆಯ್ತು. ಹೊಗೆ ಇದ್ದಿದ್ರೆ ನನಗೆ ವಾಸ್ನೆ ಬರ್ತಿರ್ಲಿಲ್ವೇನೇ?’ ಎಂದು ಪಕ್ಕದಲ್ಲಿ ಬಂದು ಕೂತಿದ್ದಾರೆ.